ಪಟಿಕದ ಹರಳು ಬೆಳೆಸುವ ಬಗೆ: ದಾವಣಗೆರೆಯ ಸೆಕೆಗೂ ಚಳಿಗೂ ಹೊಂದುವ ಒಂದು ಸಮಗ್ರ ಮಾರ್ಗದರ್ಶಿ

"ಸಾರ್, ರಾತ್ರಿ ಇತ್ರಿ. ಈಗ ನೋಡಿದ್ರೆ ಬರೇ ದಾರ ಐತಿ."

ಫೆಬ್ರುವರಿಯ ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯ ಹುಡುಗ ಜಾಮ್ ಬಾಟಲಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನಾಲ್ಕು ದಿನ ಜೋಪಾನ ಮಾಡಿದ್ದ ಪಟಿಕದ ಹರಳು, ಹೆಚ್ಚುಕಡಿಮೆ ಕಡಲೆಕಾಳಿನಷ್ಟಾಗಿದ್ದದ್ದು, ಹೇಳಹೆಸರಿಲ್ಲದೆ ಕರಗಿಹೋಗಿತ್ತು. ತಪ್ಪು ಅವನದಲ್ಲ, ನನ್ನದು. ನಾನು ಓದಿದ್ದ ವಿಧಾನದಲ್ಲಿ "ಕೋಣೆಯ ತಾಪಮಾನದಲ್ಲಿ ಇಡಿ" ಎಂದಿತ್ತು, ಅದನ್ನೇ ಅವನಿಗೂ ಹೇಳಿದ್ದೆ. ದಾವಣಗೆರೆಯ ಕೋಣೆಗೆ ಒಂದೇ ತಾಪಮಾನ ಎಲ್ಲಿಂದ ಬರಬೇಕು? ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು.

ಆಮೇಲೆ ಹಲವು ವರ್ಷ ಮಕ್ಕಳ ಜೊತೆ ಹರಳು ಬೆಳೆಸಿದ್ದೇನೆ, ಕೆಡಿಸಿಯೂ ಇದ್ದೇನೆ. ನಮ್ಮ ಹವೆಗೆ ತಕ್ಕಂತೆ ಮಾಡಿಕೊಂಡ ಕ್ರಮ ಇಲ್ಲಿದೆ. ಪಟಿಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಕಲಿಯಲು ಅದಕ್ಕಿಂತ ಒಳ್ಳೆಯ ಲವಣ ಇಲ್ಲ. ಉಪ್ಪು ಮತ್ತು ಮೈಲುತುತ್ತ (ಕಾಪರ್ ಸಲ್ಫೇಟ್) ಕೊನೆಯಲ್ಲಿ ಬರುತ್ತವೆ.

ಕರಗುವುದು, ತುಂಬುವುದು, ಮೀರುವುದು

ಒಂದು ಲೋಟ ನೀರಿಗೆ ಚಮಚ ಚಮಚವಾಗಿ ಉಪ್ಪು ಹಾಕುತ್ತ ಕಲಕಿ. ಒಂದು ಹಂತದ ಮೇಲೆ ಎಷ್ಟು ಕಲಕಿದರೂ ತಳದಲ್ಲಿ ಉಪ್ಪು ಉಳಿಯುತ್ತದೆ. ಪಠ್ಯಪುಸ್ತಕದ ಮಾತಿನಲ್ಲಿ ಇದು ಪರ್ಯಾಪ್ತ ದ್ರಾವಣ. ಆ ತಾಪಮಾನದಲ್ಲಿ 100 ಮಿಲಿ ಲೀಟರ್ ನೀರು ಎಷ್ಟು ಗ್ರಾಂ ಹಿಡಿದುಕೊಳ್ಳಬಲ್ಲದೋ ಅದು ಆ ಲವಣದ ವಿಲೀನತೆ.

ಪರ್ಯಾಪ್ತವಾದ ಮೇಲೆ ಕರಗುವುದು ನಿಂತಿತು ಎಂದು ಮಕ್ಕಳು ಬರೆಯುತ್ತಾರೆ. ನಿಂತಿಲ್ಲ. ಸಂತೆ ದಿನದ ಬಸ್ಸಿನಂತೆ, ಇಳಿದಷ್ಟೇ ಜನ ಹತ್ತುತ್ತಿರುತ್ತಾರೆ, ಒಳಗಿನ ತಲೆಗಳ ಲೆಕ್ಕ ಮಾತ್ರ ಬದಲಾಗುವುದಿಲ್ಲ. ತಳದ ಹರಳಿನಿಂದ ಕಣಗಳು ನೀರಿಗೆ ಹೋಗುತ್ತಲೇ ಇರುತ್ತವೆ, ನೀರಿನಲ್ಲಿ ಕರಗಿದ ಕಣಗಳು ಹರಳಿಗೆ ಬಂದು ಅಂಟುತ್ತಲೇ ಇರುತ್ತವೆ. ಪರ್ಯಾಪ್ತ ದ್ರಾವಣದಲ್ಲಿ ಒಂದು ಒಡೆದ ಹರಳನ್ನು ಹಲವು ದಿನ ಬಿಟ್ಟರೆ ತೂಕ ಹೆಚ್ಚಾಗದೆಯೇ ಮುರಿದ ಮೂಲೆ ತುಂಬಿಕೊಳ್ಳುವುದು ಇದೇ ಕಾರಣಕ್ಕೆ.

ಮೂರನೆಯ ಸ್ಥಿತಿ ಅತಿಪರ್ಯಾಪ್ತ. ಬಿಸಿಯಲ್ಲಿ ತುಂಬ ಕರಗಿಸಿ, ಅಲುಗಾಡಿಸದೆ ತಣಿಸಿದರೆ ನೀರು ತನ್ನ ಶಕ್ತಿಗಿಂತ ಹೆಚ್ಚನ್ನು ಸ್ವಲ್ಪ ಹೊತ್ತು ಹೊತ್ತುಕೊಂಡಿರುತ್ತದೆ. ಒಂದು ಧೂಳಿನ ಕಣವೋ ಹರಳಿನ ಚೂರೋ ಬಿದ್ದರೆ ಸಾಕು, ಹೊರೆ ಇಳಿಸಿಬಿಡುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಾಕ ಹದಕ್ಕೆ ಬಂದಾಗ ಸೌಟಿನಿಂದ ತಿಕ್ಕಿ ತಿರುವುತ್ತಾರೆ, ಅದು ಬೆಳ್ಳಗೆ ಮಸುಕಾಗುತ್ತಿದ್ದಂತೆ ಅಚ್ಚಿಗೆ ಸುರಿಯುತ್ತಾರೆ. ಆ ಬಿಳುಪು ಒಮ್ಮೆಗೇ ಹುಟ್ಟಿದ ಲಕ್ಷಾಂತರ ಸಣ್ಣ ಹರಳುಗಳದ್ದು. ಅದೇ ಸಕ್ಕರೆ ನೀರನ್ನು ಕಲಕದೆ, ದಾರ ಇಳಿಬಿಟ್ಟು, ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ. ಕುಸುರೆಳ್ಳು ಇನ್ನೊಂದು ತರಹ: ಬೆಚ್ಚಗಿನ ತಟ್ಟೆಯಲ್ಲಿ ಎಳ್ಳಿನ ಮೇಲೆ ಪಾಕ ಹನಿಸುತ್ತ ಬೆರಳಾಡಿಸಿದರೆ ಪ್ರತಿ ಎಳ್ಳೂ ಒಂದು ಬೀಜವಾಗಿ, ಅದರ ಸುತ್ತ ಸಕ್ಕರೆ ಮುಳ್ಳು ಮುಳ್ಳಾಗಿ ಕೂರುತ್ತದೆ.

ನಮಗೆ ಬೇಕಾದದ್ದು ಕಲ್ಲುಸಕ್ಕರೆಯ ದಾರಿ. ಬೀಜ ಒಂದೇ ಇರಬೇಕು, ಇಳಿಯುವ ಹೊರೆಯೆಲ್ಲ ಅದರ ಮೇಲೇ ನಿಧಾನವಾಗಿ ಇಳಿಯಬೇಕು.

ಒಲೆ ಹಚ್ಚುವ ಮೊದಲು ಅಂಕಿ ನೋಡಿ

"ಬಿಸಿ ಮಾಡಿದರೆ ಹೆಚ್ಚು ಕರಗುತ್ತದೆ" ಎಂಬ ಒಂದೇ ವಾಕ್ಯ ಹಿಡಿದು ಎಲ್ಲ ಲವಣಕ್ಕೂ ಒಂದೇ ಮದ್ದು ಮಾಡುವುದರಿಂದ ಅರ್ಧಕ್ಕರ್ಧ ಪ್ರಯೋಗಗಳು ಕೆಡುತ್ತವೆ. ಶಾಖ ಕಂಡರೆ ಒಂದೊಂದು ಲವಣದ ಸ್ವಭಾವ ಒಂದೊಂದು.

100 ಮಿಲಿ ಲೀಟರ್ ನೀರಿಗೆ ಲೆಕ್ಕ ಹಾಕೋಣ. ಪಟಿಕ 20 ಡಿಗ್ರಿಯಲ್ಲಿ ಸುಮಾರು 11 ಗ್ರಾಂ ಕರಗುತ್ತದೆ. 30ರಲ್ಲಿ 17, 40ರಲ್ಲಿ 24, 50ರಲ್ಲಿ 36, 60ಕ್ಕೆ ಬಂದರೆ 57 ಗ್ರಾಂ. ಏರುವ ರೀತಿ ನೋಡಿ, ಗುಡ್ಡ ಹತ್ತಿದಂತೆ. ಅಡುಗೆ ಉಪ್ಪು 20 ಡಿಗ್ರಿಯಲ್ಲಿ 36 ಗ್ರಾಂ, ಕುದಿಯುವ ನೀರಿನಲ್ಲಿ 39 ಗ್ರಾಂ. ಇಷ್ಟೇ. ಅಂದರೆ ಕುದಿಸಿ ತಣಿಸಿದರೆ ಪಟಿಕ ಹೊರೆಗಟ್ಟಲೆ ಹೊರಬರುತ್ತದೆ, ಉಪ್ಪು ಮೂರು ಗ್ರಾಂ ಬಂದರೆ ಹೆಚ್ಚು. ಉಪ್ಪಿಗೆ ತಣಿಸುವ ದಾರಿಯೇ ಇಲ್ಲ, ನೀರನ್ನೇ ಆರಿಸಬೇಕು. ಸಮುದ್ರದಂಡೆಯ ಸಾಣಿಕಟ್ಟಾದ ಗದ್ದೆಗಳಲ್ಲಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದರ ಹಿಂದೆ ಇರುವುದು ಈ ಎರಡೇ ಅಂಕಿ.

ಮೈಲುತುತ್ತ ನಡುವಿನದು: 20 ಡಿಗ್ರಿಯಲ್ಲಿ 32 ಗ್ರಾಂ, 60ರಲ್ಲಿ 62. ತಲೆಕೆಳಗಾದವೂ ಇವೆ. ಸುಣ್ಣ 20 ಡಿಗ್ರಿಯಲ್ಲಿ 0.17 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ 0.07 ಗ್ರಾಂ ಮಾತ್ರ. ಸುಣ್ಣದ ತಿಳಿಯನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ, ಬಿಸಿಯಾದಂತೆ ಮಸುಕಾಗುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ.

ಇನ್ನೊಂದು ಅಂಕಿ ನಮ್ಮ ರೈತರಿಗೆ ಬೇಕಾದದ್ದು. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆಗೆ ಹನಿ ನೀರಾವರಿಯಲ್ಲಿ ಬಿಡುವ 13:0:45 ಗೊಬ್ಬರ ಅಂದರೆ ಪೊಟ್ಯಾಸಿಯಂ ನೈಟ್ರೇಟ್, ನಮ್ಮ ಹಳೆಯ ಮಾತಿನಲ್ಲಿ ಪೆಟ್ಲುಪ್ಪು. 20 ಡಿಗ್ರಿಯಲ್ಲಿ 32 ಗ್ರಾಂ, 60ರಲ್ಲಿ 110 ಗ್ರಾಂ. ಕರಗುವಾಗ ಇದು ನೀರಿನ ಶಾಖವನ್ನೇ ಎಳೆದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಬಕೆಟ್ಟಿಗೆ ಒಮ್ಮೆಗೇ ಸುರಿದರೆ ನೀರು ತಣ್ಣಗಾಗಿ, ತಣ್ಣಗಾದ ನೀರಿನಲ್ಲಿ ವಿಲೀನತೆಯೂ ಬಿದ್ದು, ಗೊಬ್ಬರ ತಳದಲ್ಲಿ ಕೂರುತ್ತದೆ. "ಕಲಬೆರಕೆ ಇರ್ಬೇಕು ಮೇಷ್ಟ್ರೇ" ಎಂದು ಅದನ್ನು ಹೊತ್ತು ತಂದವರಿದ್ದಾರೆ. ನಾನು ಮಾಡಿದ್ದು ಬಕೆಟ್ಟನ್ನು ಒಂದು ತಾಸು ಬಿಸಿಲಿಗಿಟ್ಟದ್ದಷ್ಟೇ.

ಇದೇ ಪೆಟ್ಲುಪ್ಪು ಮದ್ದಿನಪುಡಿಯ ಮುಖ್ಯ ವಸ್ತು. ಚಿತ್ರದುರ್ಗದ ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ನೋಡಲು ಹೋದಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಮಣ್ಣಿನಿಂದ ಬಂದ ಪೆಟ್ಲುಪ್ಪಿನಲ್ಲಿ ಅಡುಗೆ ಉಪ್ಪೂ ಬೆರೆತಿರುತ್ತದೆ, ಎರಡನ್ನೂ ಬೇರೆ ಮಾಡುವುದು ಹೇಗೆ? ಮೇಲಿನ ಅಂಕಿಗಳನ್ನು ನೆನಪಿಟ್ಟವರು ಉತ್ತರ ಹೇಳುತ್ತಾರೆ. ಬಿಸಿನೀರಿನಲ್ಲಿ ಎರಡನ್ನೂ ಕರಗಿಸಿ ತಣಿಸಿದರೆ ಒಂದು ಹರಳಾಗಿ ಬೀಳುತ್ತದೆ, ಇನ್ನೊಂದು ನೀರಿನಲ್ಲೇ ಉಳಿಯುತ್ತದೆ.

ಸಾಮಾನು

ಪಟಿಕ 200 ಗ್ರಾಂ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ದೃಷ್ಟಿಗೆಂದು ಬಾಗಿಲಿಗೆ ಕಟ್ಟುವ, ಕ್ಷೌರದ ಮೇಲೆ ಮುಖಕ್ಕೆ ಉಜ್ಜುವ ಪಾರದರ್ಶಕ ಗಟ್ಟಿಯೇ ಬೇಕು. ನೀರು ತಿಳಿಮಾಡಲು ಟ್ಯಾಂಕಿಗೆ ಹಾಕುವ ಮಾಸಲು ಬಣ್ಣದ ಇಟ್ಟಿಗೆಯಂಥದ್ದು ಬೇಡ. ಅದು ಸಾಮಾನ್ಯವಾಗಿ ಬರೀ ಅಲ್ಯೂಮಿನಿಯಂ ಸಲ್ಫೇಟ್. ಪಟಿಕದಲ್ಲಿ ಅದರ ಜೊತೆ ಪೊಟ್ಯಾಸಿಯಂ ಸಲ್ಫೇಟೂ ಹನ್ನೆರಡು ಪಾಲು ನೀರೂ ಸೇರಿ ಒಂದೇ ಹರಳಾಗಿರುತ್ತದೆ. ಮಾಸಲು ಗಟ್ಟಿ ಹಾಕಿ ವಾರಗಟ್ಟಲೆ ಕಾದರೂ ಬರುವುದು ಗೊಜ್ಜಿನಂಥ ಕೆಸರು. ಒಂದು ವರ್ಷ ಇಡೀ ತರಗತಿಗೆ ಅದನ್ನೇ ಕೊಡಿಸಿ ನಾನು ನಗೆಪಾಟಲಾಗಿದ್ದೇನೆ.

ನೀರು ಅರ್ಧ ಲೀಟರ್. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಜಿಲ್ಲೆಗಳ ಬೋರಿನ ನೀರು ಎಷ್ಟು ಗಡಸು ಎಂಬುದಕ್ಕೆ ಗೀಸರಿನ ಕಾಯಿಲ್ ಮೇಲಿನ ಬಿಳಿ ಪದರವೇ ಸಾಕ್ಷಿ. ಅದರಲ್ಲಿರುವ ಸುಣ್ಣದಂಶ ಪಟಿಕದ ಜೊತೆ ಸೇರಿ ಬೆಳ್ಳಗೆ ಲೋಳೆಯಾಗುತ್ತದೆ. ಬ್ಯಾಟರಿಗೆ ಹಾಕುವ ನೀರು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಊರಿನ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತರುವ ನೀರು ನಡೆಯುತ್ತದೆ.

ಅಗಲ ಬಾಯಿಯ ಎರಡು ಗಾಜಿನ ಬಾಟಲಿ, ಕಾಯಿಸಲು ಒಂದು ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಬೋಗುಣಿ ಬೇಡ, ಪಟಿಕದ ನೀರು ಹುಳಿ ಸ್ವಭಾವದ್ದು. ಗಾಳದ ಸಣ್ಣ ನೈಲಾನ್ ದಾರ, ಒಂದು ಪೆನ್ಸಿಲ್, ಸೋಸಲು ಹಳೆ ಪಂಚೆಯ ತುಂಡು. ಹತ್ತಿ ದಾರ ತರಬೇಡಿ. ಅದರ ಎಳೆ ಎಳೆಯ ಮೇಲೂ ಹರಳು ಹುಟ್ಟಿ, ಮಲ್ಲಿಗೆ ದಂಡೆಯಂತಾಗುತ್ತದೆ. ಚೆಂದವೇ, ಆದರೆ ನಮಗೆ ಬೇಕಾದದ್ದು ಅದಲ್ಲ. ಅಡುಗೆಮನೆಯ ತಕ್ಕಡಿ ಇದ್ದರೆ ಅಂದಾಜು ಕೆಲಸ ತಪ್ಪುತ್ತದೆ, ತಾಪಮಾಪಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್‌ನಲ್ಲಿ ಶುರುಮಾಡುವವರಿಗೆ ನನ್ನ ಬಳಿ ಉಪಾಯವಿಲ್ಲ.

ಮೊದಲ ರಾತ್ರಿ: ನೀರೇ ತನ್ನ ಅಳತೆ ಹೇಳಲಿ

ಪಟಿಕವನ್ನು ಕುಟ್ಟಿ ಪುಡಿಮಾಡಿ. ಪುಡಿ ಬೇಗ ಕರಗುತ್ತದೆ, ಆದರೆ ಹೆಚ್ಚು ಕರಗುವುದಿಲ್ಲ. ವೇಗ ಬೇರೆ, ಮಿತಿ ಬೇರೆ. ಅರ್ಧ ಲೀಟರ್ ನೀರನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ಅಂದರೆ ಹಬೆಯಾಡಬೇಕು, ಕುದಿಯಬಾರದು. 100 ಗ್ರಾಂ ಪಟಿಕ ಹಾಕಿ ಪೂರ್ತಿ ತಿಳಿಯಾಗುವ ತನಕ ಕಲಕಿ. ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಿ. ಸ್ವಲ್ಪ ಆರಿದ ಮೇಲೆ ಗಾಜಿನ ಬಾಟಲಿಗೆ ಹಾಕಿ. ಅವಸರ ಮಾಡಿದರೆ ಗಾಜು ಸೀಳುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಡಿ, ಮುಟ್ಟಬೇಡಿ.

ಬೆಳಿಗ್ಗೆ ಬೇಗ, ಬಿಸಿಲು ಏರುವ ಮೊದಲೇ, ನೋಡಿ. ತಳದ ತುಂಬ ಸಣ್ಣ ಸಣ್ಣ ಹರಳು ಮಿನುಗುತ್ತಿರುತ್ತವೆ. ಆ ಹೊತ್ತಿಗೆ ಬಾಟಲಿ 20 ಡಿಗ್ರಿಗೆ ಇಳಿದಿದ್ದರೆ, ಮೇಲಿನ ಅಂಕಿಯ ಪ್ರಕಾರ ಅರ್ಧ ಲೀಟರ್ ನೀರು ಹಿಡಿದುಕೊಳ್ಳುವುದು 57 ಗ್ರಾಂ ಮಾತ್ರ, ಮಿಕ್ಕ 43 ಗ್ರಾಂ ಹೊರಬಿದ್ದಿರುತ್ತದೆ. ಈಗ ಮೇಲಿನ ತಿಳಿಯನ್ನು ಇನ್ನೊಂದು ಬಾಟಲಿಗೆ ಬಸಿದುಕೊಳ್ಳಿ. ಈ ತಿಳಿ ನಿಮ್ಮ ಮನೆಯ ಆ ರಾತ್ರಿಯ ಚಳಿಗೆ ಸರಿಯಾಗಿ ಪರ್ಯಾಪ್ತವಾದದ್ದು. ತಾಪಮಾಪಕ ಇಲ್ಲದೆಯೇ ಅಳತೆ ಸಿಕ್ಕಿತು.

ಮಧ್ಯಾಹ್ನದ ತನಕ ಬಿಟ್ಟು ಬಸಿದರೆ ಲೆಕ್ಕ ತಪ್ಪುತ್ತದೆ, ಅಷ್ಟರಲ್ಲಿ ಒಂದಷ್ಟು ಹರಳು ಮತ್ತೆ ಕರಗಿರುತ್ತದೆ. ಹುಡುಗನ ಹರಳು ಮಾಯವಾದದ್ದೂ ಹೀಗೆಯೇ. ರಾತ್ರಿ 20, ಮಧ್ಯಾಹ್ನ 28 ಅಂದುಕೊಳ್ಳಿ. ಆ ಎಂಟು ಡಿಗ್ರಿಯಲ್ಲಿ ಅರ್ಧ ಲೀಟರ್ ನೀರು ಇನ್ನೂ 20 ಗ್ರಾಂ ಪಟಿಕ ನುಂಗಬಲ್ಲದು. ಕಡಲೆಕಾಳಿನಷ್ಟು ಹರಳಿನ ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಬೀಜ ಆರಿಸುವುದು, ಕಟ್ಟುವುದು

ತಳದ ಹರಳುಗಳನ್ನು ತಟ್ಟೆಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಪಟಿಕದ ನಿಜವಾದ ಆಕಾರ ಎಂಟು ಮುಖದ್ದು, ಎರಡು ಗೋಪುರಗಳನ್ನು ಬುಡಕ್ಕೆ ಬುಡ ಅಂಟಿಸಿದಂತೆ. ತಳಕ್ಕೆ ಅಂಟಿ ಬೆಳೆದವು ಒಂದು ಕಡೆ ಚಪ್ಪಟೆಯಾಗಿರುತ್ತವೆ, ಅದಕ್ಕೆ ಬೇಸರ ಬೇಡ, ನೇತುಬಿಟ್ಟ ಮೇಲೆ ಆ ಕಡೆಯೂ ತುಂಬಿಕೊಳ್ಳುತ್ತದೆ. ನೋಡಬೇಕಾದದ್ದು ಒಂಟಿಯಾಗಿರಬೇಕು, ಒಳಗೆ ಬಿಳಿ ಮಸುಕಿರಬಾರದು, ಇನ್ನೊಂದು ಹರಳು ಬೆನ್ನಿಗಂಟಿರಬಾರದು. ತೊಗರಿಕಾಳಿನಷ್ಟಿದ್ದರೆ ಸಾಕು. ನಾಲ್ಕೈದು ಆರಿಸಿಟ್ಟುಕೊಳ್ಳಿ, ಕಟ್ಟುವಾಗ ಎರಡಾದರೂ ಕೈಜಾರುತ್ತವೆ.

ನೈಲಾನ್ ದಾರದಲ್ಲಿ ಜಾರುಗಂಟು ಹಾಕಿ ಹರಳಿನ ಸೊಂಟಕ್ಕೆ ಬಿಗಿಯಿರಿ. ಇಡೀ ಕೆಲಸದಲ್ಲಿ ತಾಳ್ಮೆ ಕೆಡಿಸುವ ಜಾಗ ಇದೊಂದೇ. ಮನೆಯಲ್ಲಿ ಹೂ ಕಟ್ಟುವವರಿದ್ದರೆ ಅವರ ಕೈಗೆ ಕೊಡಿ. ನನ್ನ ಹರಳುಗಳನ್ನು ಕಟ್ಟಿಕೊಟ್ಟಿದ್ದು ನಮ್ಮ ಅತ್ತೆ. ಅವರ ಬೆರಳಿಗೆ ಕನಕಾಂಬರದ ತೊಟ್ಟೂ ಒಂದೇ, ಪಟಿಕದ ಚೂರೂ ಒಂದೇ.

ಈಗ ಬಸಿದಿಟ್ಟ ತಿಳಿಗೆ 15 ಗ್ರಾಂ ಪಟಿಕ ಸೇರಿಸಿ ಮತ್ತೆ ಕಾಯಿಸಿ ಕರಗಿಸಿ. ಅದಾಗಲೇ ತುಂಬಿದ್ದ ನೀರಿಗೆ ಮತ್ತೇಕೆ ಅಂದರೆ, ಆ ತಿಳಿ ತುಂಬಿದ್ದು ರಾತ್ರಿಯ ಲೆಕ್ಕಕ್ಕೆ. 15 ಗ್ರಾಂ ಸೇರಿದರೆ 26 ಡಿಗ್ರಿಯ ಆಸುಪಾಸಿಗೆ ಪರ್ಯಾಪ್ತವಾಗುತ್ತದೆ, ಮುಂದೆ ಹೇಳುವ ಕಂಬಳಿಯೊಳಗಿದ್ದರೆ ಹಗಲಿನ ಬಿಸಿಗೂ ಬೀಜ ಬಾಳುತ್ತದೆ. ಆಸೆಪಟ್ಟು 40, 50 ಗ್ರಾಂ ಹಾಕಿದರೆ ಬೀಜವನ್ನು ಕೇಳದೆ ಎಲ್ಲೆಂದರಲ್ಲಿ ಹೊಸ ಹರಳು ಹುಟ್ಟುತ್ತವೆ, ಸಕ್ಕರೆ ಅಚ್ಚಿನ ಕತೆಯೇ.

ದ್ರಾವಣ 28, 30 ಡಿಗ್ರಿಗೆ ಇಳಿಯುವ ತನಕ ಕಾಯಿರಿ. ಬಾಟಲಿ ಮುಟ್ಟಿದರೆ ಬೆಚ್ಚಗೆ ಎಂದೂ ತಣ್ಣಗೆ ಎಂದೂ ಅನ್ನಿಸಬಾರದು. ಬೀಜವನ್ನು ಶುದ್ಧ ನೀರಿನಲ್ಲಿ ಒಂದು ಸಲ ಅದ್ದಿ ತೆಗೆಯಿರಿ, ಮೈಮೇಲಿನ ಪುಡಿ ತೊಳೆದುಹೋಗುತ್ತದೆ. ದಾರವನ್ನು ಪೆನ್ಸಿಲ್‌ಗೆ ಸುತ್ತಿ, ಹರಳು ನೀರಿನ ನಡುಮಧ್ಯದಲ್ಲಿ ತೂಗುವಂತೆ ಇಳಿಬಿಡಿ. ಮೊದಲ ಕೆಲವು ನಿಮಿಷ ಬೀಜದ ತೆಳು ಚರ್ಮ ಕರಗುತ್ತದೆ. ಕರಗಲಿ, ಗೀರು ಬಿದ್ದ ಮುಖ ಹೋಗಿ ನುಣುಪಾದ ಮುಖ ಬರುತ್ತದೆ, ಬೆಳವಣಿಗೆ ಅದರ ಮೇಲೆ ಶುರುವಾಗುತ್ತದೆ.

ಕಂಬಳಿ ಹೊದಿಸಿ

ಹವೆಯ ಏರಿಳಿತವನ್ನು ತಡೆಯಲು ನಾನು ಥರ್ಮೋಕೋಲ್ ಪೆಟ್ಟಿಗೆ ಬಳಸಿದೆ, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ, ಕೊನೆಗೆ ನೆಚ್ಚಿಕೊಂಡದ್ದು ಚಳ್ಳಕೆರೆ ಕಂಬಳಿ. ಬಾಟಲಿಯನ್ನು ನೀರು ತುಂಬಿದ ಸಣ್ಣ ಬಕೆಟ್ಟಿನಲ್ಲಿಟ್ಟು, ಬಕೆಟ್ಟಿಗೆ ಕಂಬಳಿ ಸುತ್ತಿ, ಬಿಸಿಲು ಬೀಳದ ಒಳಗೋಡೆಗೆ ಒತ್ತರಿಸಿ ಇಟ್ಟರೆ ಹೊರಗೆ 20ರಿಂದ 28ಕ್ಕೆ ಓಡಾಡುವಾಗ ಒಳಗೆ 23ರಿಂದ 25ರೊಳಗೇ ಇರುತ್ತದೆ. ನೀರಿಗೆ ಬಿಸಿಯಾಗಲೂ ಹೊತ್ತು ಬೇಕು, ತಣ್ಣಗಾಗಲೂ ಹೊತ್ತು ಬೇಕು, ಅಷ್ಟರಲ್ಲಿ ಹಗಲು ರಾತ್ರಿಯಾಗಿರುತ್ತದೆ. ಬಾಟಲಿಯ ಬಾಯಿಗೆ ಬಟ್ಟೆ ಮಾತ್ರ ಕಟ್ಟಿ, ಮುಚ್ಚಳ ಬೇಡ. ನೀರು ಸ್ವಲ್ಪ ಸ್ವಲ್ಪ ಆರುವುದೂ ನಮಗೆ ಅನುಕೂಲವೇ.

ಹರಳು ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯಲು ಮರುದಿನದ ತನಕ ಕಾಯಬೇಕಿಲ್ಲ. ಬಾಟಲಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಹರಳಿನ ಸುತ್ತ ನೋಡಿ. ಊದಿನಕಡ್ಡಿಯ ಹೊಗೆಯಂತೆ ತೆಳುವಾದ ಗೆರೆಗಳು ಹರಳಿನಿಂದ ಮೇಲಕ್ಕೆ ಏಳುತ್ತಿದ್ದರೆ ಬೆಳೆಯುತ್ತಿದೆ. ಹರಳು ತನ್ನ ಪಕ್ಕದ ನೀರಿನಿಂದ ಪಟಿಕ ಕಿತ್ತುಕೊಂಡಾಗ ಆ ನೀರು ಹಗುರಾಗಿ ಮೇಲೇಳುತ್ತದೆ. ಗೆರೆಗಳು ಕೆಳಕ್ಕೆ ಇಳಿಯುತ್ತಿದ್ದರೆ ಕರಗುತ್ತಿದೆ, ಕೂಡಲೇ ಹೊರಗೆ ತೆಗೆಯಿರಿ. ಇಡೀ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ನೋಟ ಇದು. ಪ್ರದರ್ಶನದಲ್ಲಿ ತೀರ್ಪುಗಾರರಿಗೆ ಹರಳಿಗಿಂತ ಮೊದಲು ಈ ಗೆರೆ ತೋರಿಸಿ ಎಂದು ಮಕ್ಕಳಿಗೆ ಹೇಳುತ್ತೇನೆ.

ಎರಡು ದಿನಕ್ಕೊಮ್ಮೆ ಬೆಳಿಗ್ಗೆ ನೋಡಿ. ತಳದಲ್ಲಿ ಬೇರೆ ಹರಳು ಹುಟ್ಟಿದ್ದರೆ ಅವು ನಿಮ್ಮ ಹರಳಿನ ಪಾಲು ಕಸಿಯುತ್ತಿವೆ ಎಂದೇ ಅರ್ಥ. ಹರಳನ್ನು ತೆಗೆದು ಒಣ ಬಟ್ಟೆಯ ಮೇಲಿಟ್ಟು, ತಳದ ಹರಳುಗಳ ಸಮೇತ ದ್ರಾವಣವನ್ನು ಕಾಯಿಸಿ, ಸೋಸಿ, ತಣಿಸಿ ಮತ್ತೆ ಇಳಿಬಿಡಿ. ಗೆರೆಗಳು ಪೂರ್ತಿ ನಿಂತರೆ ನೀರಿನಲ್ಲಿ ಕೊಡಲು ಏನೂ ಉಳಿದಿಲ್ಲ. ಆಗ ಮತ್ತೆ 10, 15 ಗ್ರಾಂ ಸೇರಿಸಿ ಅದೇ ಕ್ರಮ. ಹೀಗೆ ಮೂರು ವಾರ ನಡೆಸಿದರೆ ನೆಲ್ಲಿಕಾಯಿ ಗಾತ್ರ ಬರುತ್ತದೆ.

ಹರಳಿನ ಒಳಗೆ ಹಾಲಿನಂಥ ಬಿಳುಪು ಬಂದರೆ ಬೆಳವಣಿಗೆ ಅತಿವೇಗದ್ದು, ನಡುವೆ ದ್ರಾವಣವೇ ಹನಿಹನಿಯಾಗಿ ಸಿಕ್ಕಿಹಾಕಿಕೊಂಡಿದೆ. ಮುಂದಿನ ಸಲ ಕಡಿಮೆ ಸೇರಿಸಿ. ಮೂಲೆಗಳು ಮೊಂಡಾಗಿದ್ದರೆ ಮಧ್ಯಾಹ್ನ ಸ್ವಲ್ಪ ಕರಗಿದೆ, ಕಂಬಳಿ ಸಾಲದು. ದಾರದ ಮೇಲೆ ಹರಳು ಬಂದರೆ ಒದ್ದೆ ಬೆರಳಿನಿಂದ ಒರೆಸಿ.

ಉಪ್ಪಿಗೆ ಬೇರೆ ದಾರಿ

ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಸೇರಿಸಿದ ಪದಾರ್ಥ ಇರುತ್ತದೆ, ನೀರು ಮಸುಕಾಗುತ್ತದೆ. ಕಲ್ಲುಪ್ಪು ತನ್ನಿ. 100 ಮಿಲಿ ಲೀಟರ್ ನೀರಿಗೆ 40 ಗ್ರಾಂ ಹಾಕಿ ಕಲಕಿ, ಒಂದು ದಿನ ಬಿಟ್ಟು, ತಿಳಿಯನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಗಾಜಿನ ತಟ್ಟೆಗೆ ಹಾಕಿ. ಧೂಳು ಬೀಳದಂತೆ ಮೇಲೆ ಕಾಗದ ಮುಚ್ಚಿ, ಅಲುಗದ ಜಾಗದಲ್ಲಿಡಿ. ವಾರದೊಳಗೆ ಸಣ್ಣ ಚೌಕಗಳು ಕಾಣುತ್ತವೆ. ಒಂದನ್ನು ಉಳಿಸಿ ಮಿಕ್ಕದ್ದನ್ನು ತೆಗೆಯಿರಿ, ದಿನಕ್ಕೊಮ್ಮೆ ಮಗ್ಗಲು ತಿರುಗಿಸಿ, ಇಲ್ಲದಿದ್ದರೆ ಕೆಳಮುಖ ಬೆಳೆಯುವುದಿಲ್ಲ. ಬಿಸಿಲಿಗಿಟ್ಟು ಅವಸರ ಮಾಡಿದರೆ ನೀರಿನ ಮೇಲ್ಮೈಯಲ್ಲೇ ಹರಳು ಹುಟ್ಟಿ, ಅಂಚು ಮಾತ್ರ ಬೆಳೆದು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ತಗ್ಗಿದ ಕಲ್ಯಾಣಿಯಂಥದ್ದು ಬರುತ್ತದೆ. ಅದೂ ನೋಡಲು ಯೋಗ್ಯವೇ.

ಉಪ್ಪು ತಟ್ಟೆಯ ಗೋಡೆ ಹತ್ತಿ ಹೊರಗಿಳಿಯುವ ಚಟದ್ದು. ಅಂಚಿಗೆ ವ್ಯಾಸಲೀನ್ ಬಳಿಯಿರಿ.

ವಿಲೀನತೆಯನ್ನು ಸ್ವಂತ ಕೈಯಿಂದ ಅಳೆಯಬೇಕೆಂದರೆ ಉಪ್ಪೇ ಸರಿ. ಪರ್ಯಾಪ್ತ ತಿಳಿ 50 ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ಪೂರ್ತಿ ಇಂಗಿಸಿ, ಉಳಿದ ಉಪ್ಪು ತೂಗಿ. 13 ಗ್ರಾಂ ಸುಮಾರು ಬರುತ್ತದೆ. ಅಂದರೆ 37 ಗ್ರಾಂ ನೀರಿನಲ್ಲಿ 13 ಗ್ರಾಂ ಉಪ್ಪು, ನೂರಕ್ಕೆ 35. ಒಂದು ಗ್ರಾಂ ತೋರಿಸುವ ತಕ್ಕಡಿಗೆ ಇದಕ್ಕಿಂತ ನಿಖರತೆ ಕೇಳಬಾರದು. ಪಟಿಕದಲ್ಲಿ ಈ ಅಳತೆ ಮಾಡಲು ಹೋಗಬೇಡಿ, ಅದು ಕಾದರೆ ತನ್ನೊಳಗಿನ ನೀರಿನಲ್ಲೇ ಕರಗಿ ಉಬ್ಬಿ ಬುರುಗಾಗುತ್ತದೆ.

ಮೈಲುತುತ್ತ: ದೊಡ್ಡವರ ಜೊತೆ ಮಾತ್ರ

ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತ ಇದ್ದೇ ಇರುತ್ತದೆ. ಇದರ ನೀಲಿ ಹರಳಿಗೆ ಮನಸೋಲದವರಿಲ್ಲ. ಆದರೆ ಇದು ವಿಷ. ಕೈಗವಸು ಹಾಕಿ, ಊಟದ ಪಾತ್ರೆ ಮುಟ್ಟಿಸಬೇಡಿ, ಅಡುಗೆಮನೆಯಲ್ಲಿ ಮಾಡಬೇಡಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಸಲ್ಲದು: ಕಬ್ಬಿಣದ ಮೊಳೆಯೊಂದನ್ನು ಅದರ ನೀರಿನಲ್ಲಿ ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿರುತ್ತದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ಕಲ್ಲಿನೊಳಗಿಂದ ತೆಗೆಯುತ್ತಿದ್ದ ಅದೇ ತಾಮ್ರ ಇಲ್ಲಿ ನೀರಿನಿಂದ ಮೊಳೆಗೆ ಬರುತ್ತದೆ.

ಕ್ರಮ ಪಟಿಕದ್ದೇ, ಅಂಕಿ ಬೇರೆ. ಪ್ರಯೋಗಕ್ಕೆಂದೇ ಎತ್ತಿಟ್ಟ ಗಾಜಿನ ಪಾತ್ರೆಯಲ್ಲಿ 100 ಮಿಲಿ ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿ, ರಾತ್ರಿ ತಣಿದಾಗ ಸುಮಾರು 18 ಗ್ರಾಂ ಹೊರಬೀಳುತ್ತದೆ. ಅದರಲ್ಲಿ ಬೀಜ ಆರಿಸಿ. ಮುಖಗಳು ಪಟಿಕದಂತೆ ಸಮನಾಗಿರುವುದಿಲ್ಲ, ಓರೆಕೋರೆಯಾಗಿ ತಳ್ಳಿದ ಪೆಟ್ಟಿಗೆಯಂತಿರುತ್ತದೆ. ಅದು ದೋಷವಲ್ಲ, ಅದರ ಜಾತಿಗುಣ.

ಮಿಕ್ಕ ನೀರನ್ನು ಚರಂಡಿಗೂ ಕೆರೆಗೂ ಚೆಲ್ಲಬೇಡಿ, ಮೀನುಗಳಿಗೆ ತಾಮ್ರ ಆಗದು. ತೋಟದವರ ಕೈಗೆ ಕೊಡಿ, ಒಳಗೆ ಎಷ್ಟು ಗ್ರಾಂ ತುತ್ತ ಇದೆ ಎಂದು ಚೀಟಿ ಅಂಟಿಸಿ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸೇರಿದೊಡನೆ ತಾಮ್ರ ಕರಗದ ರೂಪಕ್ಕೆ ತಿರುಗಿ ತಿಳಿನೀಲಿ ಮೊಸರಿನಂತಾಗುತ್ತದೆ, ಎಲೆಗೂ ಗೊನೆಗೂ ಅಂಟಿ ಮಳೆಯಲ್ಲೂ ನಿಲ್ಲುವುದು ಅದಕ್ಕೇ.

ಕಾಪಾಡುವುದು, ಸಾಗಿಸುವುದು

ನಮ್ಮ ಒಣಹವೆಯಲ್ಲಿ ಪಟಿಕವೂ ತುತ್ತವೂ ತಮ್ಮೊಳಗಿನ ನೀರು ಕಳೆದುಕೊಂಡು ಮೈ ಬೆಳ್ಳಗೆ ಪುಡಿಯಾಗುತ್ತದೆ. ಹರಳು ತೆಗೆದ ದಿನವೇ ಒಣ ಬಟ್ಟೆಯಲ್ಲಿ ಒತ್ತಿ, ಬಣ್ಣವಿಲ್ಲದ ಉಗುರುಬಣ್ಣವನ್ನು ಎರಡು ಸಲ ತೆಳುವಾಗಿ ಬಳಿಯಿರಿ. ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಮೂರು ವಾರದ ಚೂಪು ಅಂಚು ಮೂರು ಕ್ಷಣಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಒಯ್ಯುವಾಗ ಹತ್ತಿಯಲ್ಲಿ ಸುತ್ತಿ ಕುಂಕುಮದ ಡಬ್ಬಿಯಲ್ಲಿಡಿ, ಬೆವರಿದ ಅಂಗೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ದಾರವನ್ನು ಬುಡಕ್ಕೆ ಕತ್ತರಿಸದೆ ಎರಡು ಬೆರಳಿನಷ್ಟು ಬಿಡಿ, ಮೇಜಿನ ಮೇಲೆ ದೀಪದ ಮುಂದೆ ತೂಗಹಾಕಲು ಬೇಕಾಗುತ್ತದೆ. ಉಳಿದ ತಿಳಿಯ ಬಾಟಲಿಗೆ "ಪಟಿಕ, ಕುಡಿಯಬಾರದು" ಎಂದು ಬರೆದು ಮುಚ್ಚಳ ಬಿಗಿದಿಟ್ಟರೆ ಮುಂದಿನ ನವೆಂಬರಿಗೆ ಅದೇ ಸಾಕು.